ಮಳೆಗಾಲಕ್ಕೆ ಹಾಲು ಕೂಡಿಡೋದು: ಟೆಟ್ರಾ ಪ್ಯಾಕ್, ಪುಡಿ, ಕ್ರೀಮರ್, ಯಾವ್ದು ಆಗುತ್ತೆ ಯಾವ್ದು ಆಗಲ್ಲ

ನಮ್ಮನೆ ಚಾರ್ಮಾಡಿ ಘಾಟಿ ಮೇಲಿನ ಕೊಟ್ಟಿಗೆಹಾರದಿಂದ ಒಳಗೆ ತೋಟದ ದಾರಿಲಿ, ಮಳೆ ಹಿಡೀತು ಅಂದ್ರೆ ಎಲ್ಲಾದ್ರೂ ಮರ ಬಿದ್ದು ಕರೆಂಟ್ ಹೋಗುತ್ತೆ, ಹೋದ್ರೆ ನಾಲ್ಕೈದು ದಿನ ಬರಲ್ಲ. 2019ರ ಆಗಸ್ಟಲ್ಲಿ, ಆಶ್ಲೇಷ ಮಳೆಗೆ ಚಾರ್ಮಾಡಿ ಘಾಟಿ ಕುಸಿದಾಗ ಮನೇಲಿ ಅಕ್ಕಿ, ಹಪ್ಪಳ, ಉಪ್ಪಿನಕಾಯಿ, ಒಣಸೌದೆ ಎಲ್ಲಾ ಇತ್ತು, ಹಾಲೊಂದೇ ಇರ್ಲಿಲ್ಲ. ಹಸು ಗಬ್ಬ, ಬತ್ತಿಸಿ ಬಿಟ್ಟಿದ್ವಿ. ಕಾಫಿ ಬೆಳೆಯೋ ಮನೇಲಿ 11 ದಿನ ಕರಿಕಾಫಿ ಕುಡಿದು ನಮ್ಮನೆಯವ್ರ ಮುಖ ಹೇಗಾಗಿತ್ತು ಅಂತ ನಾನು ಬರಿಯೋದೇ ಬೇಡ. ಆವಾಗಿಂದ ಪ್ರತಿ ವರ್ಷ ಮೇ ಕೊನೇಲಿ ಹಾಲಿನ ಸ್ಟಾಕ್ ಮಾಡ್ತೀನಿ, ದುಡ್ಡೂ ಕಳ್ಕೊಂಡಿದೀನಿ, ಪಾಠನೂ ಕಲ್ತಿದೀನಿ.

ಮೊದಲ ನಂಬರ್ ನಂದಿನಿಯ ಗುಡ್‌ಲೈಫ್ ಹಾಲಿಗೆ. 135 ಡಿಗ್ರಿ ದಾಟಿಸಿ ಬರೀ ಕೆಲವು ಸೆಕೆಂಡ್ ಕಾಯ್ಸಿ, ಗಾಳಿ ಬೆಳಕು ಹೋಗದ ಪ್ಯಾಕಲ್ಲಿ ತುಂಬಿರೋದ್ರಿಂದ ಒಡೆಯೋ ತನಕ ಫ್ರಿಜ್ ಬೇಡ, ಕಾಸೋದೂ ಬೇಡ. ಇಟ್ಟಿಗೆ ಥರದ ಟೆಟ್ರಾ ಪ್ಯಾಕ್ 6 ತಿಂಗಳು ಇರುತ್ತೆ, ಪೌಚ್ ಅಷ್ಟು ಬರಲ್ಲ. ಪೌಚ್ ಅಗ್ಗ ಅಂತ ಒಂದ್ಸಲ ಅದನ್ನೇ ತಂದು ಅಟ್ಟದ ಮೇಲಿಟ್ಟೆ, ಇಲಿಗಳಿಗೆ ಹಬ್ಬ ಆಯ್ತು. ಕಾಫಿಗೆ ಚೆನ್ನಾಗಿದೆ, ಸ್ವಲ್ಪ ಕಾಸಿದ ವಾಸನೆ ಇರುತ್ತೆ, ಡಿಕಾಕ್ಷನ್ ಗಟ್ಟಿ ಇದ್ರೆ ಗೊತ್ತಾಗಲ್ಲ. ಆದ್ರೆ ಒಡೆದ ಮೇಲೆ ಇದೂ ಮಾಮೂಲಿ ಹಾಲೇ, ಕರೆಂಟ್ ಇಲ್ದೆ ಫ್ರಿಜ್ ಸತ್ತಿದ್ರೆ ಅವತ್ತೇ ಮುಗಿಸ್ಬೇಕು, ಅದಕ್ಕೆ ಚಿಕ್ಕ ಪ್ಯಾಕೇ ತಗೊಳ್ಳಿ, ಲೀಟರಿಗೆ ಲೆಕ್ಕ ಹಾಕಿದ್ರೆ ಜಾಸ್ತಿ ಬಿದ್ರೂ ಪರ್ವಾಗಿಲ್ಲ. ಇದಕ್ಕೆ ಹೆಪ್ಪು ಹಾಕಿದ್ರೆ ಮೊಸರು ಆಗೋದೇನೋ ಆಗುತ್ತೆ, ಮನೆ ಹಾಲಿನ ಗಟ್ಟಿ ಬರಲ್ಲ, ಅಷ್ಟು ಬಿಸಿಗೆ ಹಾಲಿನ ಪ್ರೋಟೀನೇ ಬದಲಾಗಿರುತ್ತೆ. ಅತ್ತೆ ಅದನ್ನ ನೋಡಿ "ಇದೇನೇ ಮೊಸರಾ, ಮಜ್ಜಿಗೆಯಾ" ಅಂದ್ರು.

ಮೊಸರಿಗೆ ಪುಡಿನೇ ಸರಿ. ಕೆನೆ ತೆಗೆದ ಹಾಲಿನ ಪುಡಿ, ಸ್ಕಿಮ್ಡ್ ಅಂತ ಬರ್ದಿರುತ್ತೆ. ಕೆನೆ ಇರೋ ಪುಡಿ ರುಚಿ ಜಾಸ್ತಿ ಹೌದು, ಮಕ್ಕಳಿಗೆ ಕ್ಷೀರಭಾಗ್ಯದಲ್ಲಿ ಶಾಲೇಲಿ ಕೊಡೋದೂ ಅದೇ, 18 ಗ್ರಾಂ ಪುಡಿಗೆ 150 ಎಂಎಲ್ ಹಾಲು. ಆದ್ರೆ ಅದ್ರಲ್ಲಿ ಕೊಬ್ಬು ಇರೋದ್ರಿಂದ ಬೇಗ ಕಮಟು ಹಿಡಿಯುತ್ತೆ. ನಾನು ಮಾಡಿದ ದೊಡ್ಡ ತಪ್ಪು ಏನಂದ್ರೆ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದು. ಹಪ್ಪಳ ಸಂಡಿಗೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಬೆಚ್ಚಗೆ ಒಣಗಿರುತ್ತೆ, ಆದ್ರೆ ಹಾಲಿನ ಪುಡಿಗೆ ಆ ಶಾಖನೇ ಶತ್ರು. ಎರಡು ಕೆಜಿ ಪುಡಿ ಹಳೇ ತುಪ್ಪದ ವಾಸನೆ ಬಂದು ಬಣ್ಣನೂ ತಿರುಗಿ ಹೋಯ್ತು. ಈಗ ದೇವರ ಕೋಣೆ ಪಕ್ಕದ ತಣ್ಣನೆ ಕತ್ತಲೆ ಮೂಲೇಲಿ, ಒಡೆಯದ ಅರ್ಧ ಅರ್ಧ ಕೆಜಿ ಪ್ಯಾಕುಗಳನ್ನ ಹಾಗೇ ದೊಡ್ಡ ಸ್ಟೀಲ್ ಡಬ್ಬದೊಳಗೆ. ಒಂದು ಸಲಕ್ಕೆ ಒಂದೇ ಪ್ಯಾಕ್ ಒಡೆಯೋದು, ಒದ್ದೆ ಚಮಚ ಹಾಕಿದವ್ರಿಗೆ ಬೈಗುಳ ಗ್ಯಾರಂಟಿ, ಯಾಕಂದ್ರೆ ನಮ್ ಮಳೆಗಾಲದ ಗಾಳಿಗೇ ಪುಡಿ ಗಂಟು ಕಟ್ಟುತ್ತೆ.

ಕಲಸುವಾಗ ಕುದಿಯೋ ನೀರಿಗೆ ಸುರಿಬೇಡಿ, ಉಗುರುಬೆಚ್ಚಗಿನ ನೀರು ಸ್ವಲ್ಪ ಹಾಕಿ ದೋಸೆ ಹಿಟ್ಟಿನ ಹಾಗೆ ಮಾಡ್ಕೊಂಡು ಆಮೇಲೆ ಉಳಿದ ನೀರು. ಲೀಟರಿಗೆ ಸುಮಾರು 100 ಗ್ರಾಂ ಸಾಕು, ಮೊಸರಿಗೆ ಇನ್ನೊಂದೆರಡು ಚಮಚ ಜಾಸ್ತಿ ಹಾಕಿದ್ರೆ ಚಾಕಲ್ಲಿ ಕೊಯ್ಯೋ ಹಾಗೆ ಬರುತ್ತೆ. ಡೈರಿ ವೈಟ್ನರ್ ಅಂತ ಇರೋದಕ್ಕೆ ಸಕ್ಕರೆ ಸೇರ್ಸಿರ್ತಾರೆ, ಟೀಗೆ ಓಕೆ, ಮಜ್ಜಿಗೆಗೆ ಬೇಡ.

ಇನ್ನು ಕ್ರೀಮರ್, ಅಂದ್ರೆ ಕಾಫಿ ಟೀಗೆ ಹಾಲಿನ ಬದಲು ಹಾಕೋ ಪುಡಿ. ಹೆಸರು ಹೇಳಲ್ಲ, ಆಫರಲ್ಲಿ ಸಿಕ್ತು ಅಂತ ತಂದೆ. ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ನೋಡಿದ್ರೆ ಗ್ಲೂಕೋಸ್ ಸಿರಪ್, ತಾಳೆ ಎಣ್ಣೆ. ಕತ್ತಲೇಲಿ ಟಾರ್ಚ್ ಹಿಡ್ಕೊಂಡು ಪುಡಿ ಬದಲು ಅದನ್ನೇ ಕೊಟ್ಬಿಟ್ಟೆ, ಪಾಪ ಅತ್ತೆ ರಾತ್ರಿ ಹೆಪ್ಪು ಹಾಕಿ, ಶಾಲು ಸುತ್ತಿ, ಒಲೆ ಪಕ್ಕ ಇಟ್ಟು ಬೆಳಿಗ್ಗೆ ತೆಗೆದ್ರೆ ಬಿಳಿ ನೀರು ಹಾಗೇ ಅಲುಗಾಡ್ತಿದೆ. ಎರಡು ದಿನ ನನ್ ಹತ್ರ ಸರಿಯಾಗಿ ಮಾತಾಡ್ಲಿಲ್ಲ.

ಕಂಡೆನ್ಸ್ಡ್ ಮಿಲ್ಕ್ ಒಂದೆರಡು ಟಿನ್ ಇರ್ಲಿ, ಸಕ್ಕರೆ ಜಾಸ್ತಿ ಇರೋದ್ರಿಂದ ಕೆಡಲ್ಲ, ಪಾಯಸಕ್ಕಾಯ್ತು. ಸೋಯಾ ಹಾಲು ಕಾಫಿಗೆ ಹಾಕಿದ್ರೆ ಒಡೆದ ಹಾಗೆ ಆಗುತ್ತೆ, ನಮಗೆ ಸೇರ್ಲಿಲ್ಲ. ತೆಂಗಿನ ಹಾಲಿನ ಪುಡಿ ಯಾಕೆ ಬೇಕು ಹೇಳಿ, ಸಿಪ್ಪೆ ಸುಲಿಯದ ಕಾಯಿ ತಿಂಗಳುಗಟ್ಟಲೆ ಇರುತ್ತೆ, ಬೇಕಾದಾಗ ತುರಿದು ಹಿಂಡ್ಕೊಂಡ್ರೆ ಆಯ್ತು. ಹಾಂ, ಚಿಕ್ಕ ಮಗು ಇರೋ ಮನೆಯವ್ರು ಇದ್ಯಾವ್ದನ್ನೂ ತಾಯಿಹಾಲಿನ ಬದಲು ಅಂದ್ಕೋಬೇಡಿ, ಅದಕ್ಕೆ ಡಾಕ್ಟರ್ ಹೇಳಿದ್ದೇ ತಂದಿಡಿ.

ಈ ವರ್ಷ ಹಸು ಆಷಾಢದಲ್ಲಿ ಕರು ಹಾಕುತ್ತೆ ಅನ್ನೋ ಲೆಕ್ಕ ಇದೆ. ಗಿಣ್ಣು ತಿಂದು ಮುಗಿಸಿದ ಮೇಲೆ ಹಾಲಿಗೇನು ಬರ ಅಂತ ನಾನು ಆರಾಮಾಗಿದ್ದೆ, ನಿನ್ನೆ ಅತ್ತೆನೇ ಕೇಳಿದ್ರು, "ಪುಡಿ ಡಬ್ಬದ್ದು ಡೇಟ್ ನೋಡಿದ್ಯೇನೇ?" ಅಂತ.