ಹಾಕೋಕೆ 10 ಸೆಕೆಂಡ್, ವಾಪಸ್ ಬರೋಕೆ 3 ದಿನ: 16 ತಿಂಗಳು ಆನ್‌ಲೈನ್ ಕ್ಯಾಸಿನೊ ಆಡಿದ ಮೇಲೆ

ನಾನಿರೋದು ಮೈಸೂರಲ್ಲಿ, ಕೆಲಸ ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ. ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ರೈಲು, ಸಂಜೆ ರೈಲು. 2024ರ ಯುಗಾದಿಯಿಂದ 2025ರ ಆಗಸ್ಟ್‌ವರೆಗೆ ಒಂದೇ ಆ್ಯಪ್‌ನಲ್ಲಿ ಆಡಿದ್ದೇನೆ. ಅದರ ಹೆಸರು ಬರೆಯಲ್ಲ. ಬರೆದರೆ ಹುಡುಕಿಕೊಂಡು ಹೋಗುವವರು ಇದ್ದೇ ಇರುತ್ತಾರೆ. ಬೋನಸ್ ಎಷ್ಟು, ಎಷ್ಟು ಬಗೆಯ ಆಟ ಅನ್ನೋದೆಲ್ಲ ಜಾಹೀರಾತಿನಲ್ಲಿ ನೋಡಿರುತ್ತೀರಿ, ಅದು ಬೇಡ. ದಿನಾ ಬಳಸಿದವನಿಗೆ ಮಾತ್ರ ಕಾಣುವ ಒಂದು ವಿಷಯ ಇದೆ, ಅದನ್ನ ಹೇಳಬೇಕು.

ನಮ್ಮ ಕಡೆ ಯುಗಾದಿಯ ಮಾರನೇ ದಿನ ಹೊಸತೊಡಕು. ಬಾಡೂಟ ಮುಗಿಸಿ ಗಂಡಸರು ಇಸ್ಪೀಟಿಗೆ ಕೂರುತ್ತಾರೆ. ಚಿಕ್ಕವನಿದ್ದಾಗ ಊರಿನ ಅರಳೀಕಟ್ಟೆ ಪಕ್ಕ ನಿಂತು ಅಂದರ್ ಬಾಹರ್ ನೋಡಿ ನೋಡಿ ಬೆಳೆದವನು ನಾನು. 2024ರ ಹೊಸತೊಡಕಿನ ಮಧ್ಯಾಹ್ನ ನನ್ನ ಭಾಮೈದ ಫೋನ್ ತಂದು ಮುಂದೆ ಹಿಡಿದ. "ಭಾವ, ಇದ್ರಲ್ಲಿ ಜಿಎಸ್‌ಟಿ ಗಿಎಸ್‌ಟಿ ಏನೂ ಕಟ್ ಆಗಲ್ಲ ನೋಡಿ" ಅಂದ. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದ ರಮ್ಮಿ ಆ್ಯಪ್‌ಗಳಲ್ಲಿ ನಾವು ಹಾಕುವ ಹಣದ ಮೇಲೇ 28% ಜಿಎಸ್‌ಟಿ ಬಿದ್ದಿತ್ತು. ಇದು ಹೊರದೇಶದ್ದು, ಹಾಕಿದ 500 ಪೂರ್ತಿ 500 ಆಗಿಯೇ ಕಾಣುತ್ತಿತ್ತು. ಲೆಕ್ಕದವನಿಗೆ ಅದು ಇಷ್ಟವಾಯಿತು. ಯಾಕೆ ಕಟ್ ಆಗಲ್ಲ ಅಂತ ಆವತ್ತೇ ಕೇಳಬೇಕಿತ್ತು, ಕೇಳಲಿಲ್ಲ.

ಮೊದಲು ಚೆನ್ನಾಗಿದ್ದದ್ದನ್ನೇ ಹೇಳುತ್ತೇನೆ, ಯಾಕೆಂದರೆ ನಿಜವಾಗಿಯೂ ಚೆನ್ನಾಗಿತ್ತು. ನಾನು ಆಡುತ್ತಿದ್ದದ್ದು ವೇಗದ ರೂಲೆಟ್, ತಿರುಗುವ ಚಕ್ರದಲ್ಲಿ ಗೋಲಿ ಯಾವ ಮನೆಯಲ್ಲಿ ಕೂರುತ್ತದೆ ಅಂತ ಹಣ ಕಟ್ಟುವ ಆಟ. ಎದುರಿಗೆ ನಿಜವಾದ ಚಕ್ರ, ನಿಜವಾದ ಹುಡುಗಿ ಗೋಲಿ ಬಿಡುತ್ತಾಳೆ, ನಮಗೆ ಕ್ಯಾಮೆರಾದಲ್ಲಿ ಕಾಣುತ್ತದೆ. ಆ್ಯಪ್‌ನ ಮಾಮೂಲಿ ಟೇಬಲ್‌ನಲ್ಲಿ ಎಲ್ಲರೂ ಕಟ್ಟಿ ಮುಗಿಸಿದ ಮೇಲೆ ಚಕ್ರ ತಿರುಗುತ್ತದೆ. ಇಲ್ಲಿ ಗೋಲಿ ಓಡುತ್ತಿರುವಾಗಲೇ ಕಟ್ಟಬೇಕು. ಒಂದು ಸುತ್ತಿಗೆ ಹೆಚ್ಚೂಕಡಿಮೆ 25 ಸೆಕೆಂಡ್, ವಾಚ್ ಇಟ್ಟು ನಾನೇ ಎಣಿಸಿದ್ದೇನೆ.

ಬೆಳಗಿನ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ನನ್ನ ದಿನ ಅರ್ಧ ಗೆದ್ದಂತೆ. ನಾಗನಹಳ್ಳಿವರೆಗೆ ಪೇಪರ್ ಓದುತ್ತಿದ್ದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಎರಡು ಸೇತುವೆ ದಾಟುವವರೆಗೆ ಫೋನ್ ಜೇಬಿನಲ್ಲೇ. ಪಕ್ಕದ ಅಜ್ಜಿಯರು ಕಣ್ಣು ಮುಚ್ಚಿ ಹೊಳೆಗೆ ಕಾಸು ಹಾಕುವಾಗ ಫೋನಲ್ಲಿ ಕೆಂಪು ಕಪ್ಪು ಆಡೋದು ನನಗೆ ಸರಿ ಅನ್ನಿಸುತ್ತಿರಲಿಲ್ಲ. ಪಾಂಡವಪುರ ಸ್ಟೇಷನ್ ಬಿಟ್ಟ ಕೂಡಲೇ ಒಂದು ಕಿವಿಗೆ ಇಯರ್‌ಫೋನ್, 10 ನಿಮಿಷಕ್ಕೆ ಅಲಾರಂ. ಆಚೆ ಕಬ್ಬಿನ ಗದ್ದೆ, ಈಚೆ ಗೋಲಿ. ಅದು ಚಕ್ರದ ಅಂಚಿನಲ್ಲಿ ಸರ್ರಂತ ಓಡಿ, ನಿಧಾನವಾಗಿ, ಟಕ್ ಟಕ್ ಟಕ್ ಅಂತ ಮನೆಯಿಂದ ಮನೆಗೆ ಹಾರಿ ಕೂರುವ ಸದ್ದು ಇದೆಯಲ್ಲ, ಅದಕ್ಕೋಸ್ಕರವೇ ಆಡುತ್ತಿದ್ದೆ ಅಂದರೂ ತಪ್ಪಿಲ್ಲ. ಅಲಾರಂ ಹೊಡೆದರೆ ಮುಗಿಯಿತು. ಯಲಿಯೂರು ಬರುವಷ್ಟರಲ್ಲಿ ಫೋನ್ ಒಳಗೆ, ಕೈಯಲ್ಲಿ ಟಿಫನ್ ಬ್ಯಾಗು.

ನನ್ನ ಬಜೆಟ್ ವಾರಕ್ಕೆ 500. ಒಂದು ಸುತ್ತಿಗೆ 20 ರೂಪಾಯಿ, ಹೆಚ್ಚಾಗಿ ಕೆಂಪಿಗೆ. ಮಂಡಿಯ ಅಭ್ಯಾಸ, ಒಂದು ಸಣ್ಣ ನೋಟ್‌ಬುಕ್ಕಲ್ಲಿ ಎಲ್ಲ ಬರೆದಿಡುತ್ತಿದ್ದೆ. ಚಕ್ರದಲ್ಲಿ 37 ಮನೆ. 18 ಕೆಂಪು, 18 ಕಪ್ಪು, ಒಂದು ಸೊನ್ನೆ. ಆ ಸೊನ್ನೆಯೇ ಅಂಗಡಿಯವನ ಕಮಿಷನ್. 37ರಲ್ಲಿ ಒಂದು ಅಂದರೆ ಕಟ್ಟಿದ ಹಣದಲ್ಲಿ ಸರಾಸರಿ 2.7% ಅವನಿಗೆ. 10 ನಿಮಿಷಕ್ಕೆ 24 ಸುತ್ತು, 480 ರೂಪಾಯಿ ಕಟ್ಟಿದ ಹಾಗೆ, ಅದರಲ್ಲಿ 13 ರೂಪಾಯಿ ಹೋಗುತ್ತದೆ. ಒಂದು ದಿನ ಬರುತ್ತದೆ, ಒಂದು ದಿನ ಹೋಗುತ್ತದೆ, ಆದರೆ ತಿಂಗಳಿಗೆ 25 ದಿನ ಹಿಡಿದರೆ ಸುಮಾರು 325. ಮನೆಮಂದಿ ಒಂದು ಭಾನುವಾರ ಹೋಟೆಲಿಗೆ ಹೋದರೆ ಅಷ್ಟಕ್ಕೆ ಮುಗಿಯುತ್ತಾ? ಹಾಗಂತ ನನಗೆ ಸಮಾಧಾನ ಇತ್ತು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದೇ ಆ್ಯಪ್‌ನಲ್ಲಿ ಸ್ಲಾಟ್ ಕೂಡ ಇತ್ತು, ಬಟನ್ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವ ಆಟ. ನಾನು ಆಡಿದ ಸ್ಲಾಟಿನಲ್ಲಿ ಕಟ್ಟಿದ ಹಣದ 96% ವಾಪಸ್ ಅಂತ ಬರೆದಿತ್ತು. ಕೇಳೋಕೆ ಚೆನ್ನಾಗಿದೆ, ಆದರೆ ಒಂದು ಸುತ್ತು 3 ಸೆಕೆಂಡಿಗೆ ಮುಗಿಯುತ್ತದೆ. 10 ನಿಮಿಷಕ್ಕೆ 200 ಸುತ್ತು. ಬರೀ 10 ರೂಪಾಯಿ ಕಟ್ಟಿದರೂ 2,000 ಕಟ್ಟಿದ ಹಾಗೆ, ಸರಾಸರಿ 80 ಹೋಗುತ್ತದೆ. ರೂಲೆಟ್‌ಗಿಂತ ಆರು ಪಟ್ಟು. ಎರಡೂ 10 ನಿಮಿಷದ ಆಟವೇ! ಎಷ್ಟು ಹೊತ್ತು ಆಡಿದಿರಿ ಅನ್ನೋದಲ್ಲ, ಎಷ್ಟು ಸುತ್ತು ಆಡಿದಿರಿ ಅನ್ನೋದು ಲೆಕ್ಕ. ಬ್ರಿಟನ್‌ನಲ್ಲಿ 2021ರಿಂದ ಸ್ಲಾಟಿನ ಒಂದು ಸುತ್ತು 2.5 ಸೆಕೆಂಡಿಗಿಂತ ಬೇಗ ಮುಗಿಯಬಾರದು ಅಂತ ನಿಯಮವೇ ಇದೆ. ನಾನು ಸ್ಲಾಟನ್ನು ನಾಲ್ಕೇ ದಿನದಲ್ಲಿ ಬಿಟ್ಟೆ. ಅಂದರ್ ಬಾಹರ್ ಕೂಡ ಆಡಿದೆ, ಮನಸ್ಸಿಗೆ ಬರಲಿಲ್ಲ. ಮೊದಲ ಎಲೆ ಬೀಳುವ ಕಡೆಗೆ, ಅಲ್ಲಿ ಅದು ಅಂದರ್, ಗೆಲುವು 100ಕ್ಕೆ 51.5 ಸಲ. ಅದಕ್ಕೇ ಅಲ್ಲಿ ಅಂದರ್ ಗೆದ್ದರೆ 100ಕ್ಕೆ 90 ಮಾತ್ರ ಕೊಡುತ್ತಿದ್ದರು. ಕಟ್ಟೆ ಮೇಲೆ ಒಂದಕ್ಕೆ ಒಂದು. ಜೊತೆಗೆ ಕಟ್ಟೆಯಲ್ಲಿ ಸೋತವನನ್ನು ಪಕ್ಕದವನು "ಸಾಕು ಏಳ್ಲಾ" ಅಂತ ರಟ್ಟೆ ಹಿಡಿದು ಎಬ್ಬಿಸುತ್ತಿದ್ದ.

ಈಗ ತೊಂದರೆಗೆ ಬರುತ್ತೇನೆ.

ಹಣ ಹಾಕೋಕೆ 10 ಸೆಕೆಂಡ್. ಯುಪಿಐ ಪಿನ್ ಒತ್ತಿದರೆ ಆಯಿತು. ಪ್ರತಿ ಸಲ ಹಣ ಹೋಗುವ ಹೆಸರು ಬೇರೆ ಬೇರೆ, ಅದೂ ಯಾರೋ ವ್ಯಕ್ತಿಗಳ ಹೆಸರು, ಕಂಪನಿಯದ್ದಲ್ಲ. ಆಗಲೇ ಎಚ್ಚರ ಆಗಬೇಕಿತ್ತು. ಮೊದಲ ಸಲ ಗೆದ್ದದ್ದು ಚೆನ್ನಾಗಿ ನೆನಪಿದೆ, ಒಂದು ನಂಬರಿಗೆ 100 ಕಟ್ಟಿದ್ದೆ, ಒಂದಕ್ಕೆ 35, ಕಟ್ಟಿದ್ದೂ ಸೇರಿ 3,600 ಆಯಿತು. 3,500 ತೆಗೆಯೋಕೆ ಹಾಕಿದೆ, ಐದು ಗಂಟೆಯಲ್ಲಿ ಬ್ಯಾಂಕಿಗೆ ಬಂತು. ನಂಬಿಕೆ ಬಂದಿದ್ದು ಅಲ್ಲೇ.

ಅದಾದ ಮೇಲೆ ಹಾಗೆ ಬರಲೇ ಇಲ್ಲ. ತೆಗೆಯೋಕೆ ಹಾಕಿದರೆ "ಪರಿಶೀಲನೆಯಲ್ಲಿದೆ, 72 ಗಂಟೆ" ಅಂತ ತೋರಿಸುತ್ತಿತ್ತು. ಪ್ಯಾನ್ ಕಾರ್ಡ್ ಫೋಟೊ ಕಳಿಸಿ, ಮತ್ತೆ ಕಳಿಸಿ, ಇನ್ನೂ ಸ್ಪಷ್ಟವಾಗಿ ಕಳಿಸಿ. ಚಾಟ್‌ನಲ್ಲಿ ಕೇಳಿದರೆ ದಯವಿಟ್ಟು ಕಾಯಿರಿ ಸರ್ ಅನ್ನೋ ಒಂದೇ ಉತ್ತರ. ಇಷ್ಟೇ ಆಗಿದ್ದರೆ ಕಾಯುತ್ತಿದ್ದೆ. ಆದರೆ ಆ ಮೂರು ದಿನವೂ ಮೊತ್ತದ ಪಕ್ಕದಲ್ಲೇ ಒಂದು ಹಸಿರು ಬಟನ್. ರದ್ದು ಮಾಡಿ ಆಟಕ್ಕೆ ವಾಪಸ್ ಹಾಕಿ ಅಂತ. ಅದನ್ನು ಒತ್ತಿದರೆ ಪರಿಶೀಲನೆಯೂ ಇಲ್ಲ, ಪ್ಯಾನ್ ಕಾರ್ಡೂ ಇಲ್ಲ, ಅರ್ಧ ಸೆಕೆಂಡಿನಲ್ಲಿ ಹಣ ಚಕ್ರದ ಮುಂದೆ.

2024ರ ದಸರಾ. ಅಕ್ಟೋಬರ್ 10ರ ಗುರುವಾರ ಸಂಜೆ 8,600 ತೆಗೆಯೋಕೆ ಹಾಕಿದ್ದೆ. ಮಾರನೇ ದಿನ ಆಯುಧಪೂಜೆ. ಮಂಡಿಯಲ್ಲಿ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ ಪೂಜೆ ಮುಗಿಸಿ, ಬೂದುಗುಂಬಳಕಾಯಿ ಒಡೆದು ಮನೆಗೆ ಬಂದೆ. ರಾತ್ರಿ ಮಕ್ಕಳನ್ನು ದೀಪ ನೋಡೋಕೆ ಸಯ್ಯಾಜಿರಾವ್ ರಸ್ತೆಗೆ ಕರೆದುಕೊಂಡು ಹೋದೆವು. ಕೆ.ಆರ್. ಸರ್ಕಲ್ ಹತ್ತಿರ ಕಾಲಿಡೋಕೆ ಜಾಗ ಇಲ್ಲ. ಚಿಕ್ಕವಳು ಹೆಗಲ ಮೇಲೆ. ನಾನು ಹತ್ತು ನಿಮಿಷಕ್ಕೊಮ್ಮೆ ಫೋನ್ ತೆಗೆದು ಹಣ ಬಂತಾ ಅಂತ ನೋಡುತ್ತಿದ್ದೆ. "ಏನ್ರೀ ಅದು, ನಿನ್ನೆಯಿಂದ ಅದೇ ನೋಡ್ತಿದ್ದೀರಾ" ಅಂದಳು ಹೆಂಡತಿ. ಮನೆಗೆ ಬಂದು ಮಕ್ಕಳು ಮಲಗಿದ ಮೇಲೆ ಒಂದು ಸಾವಿರ ಮಾತ್ರ ಆಡೋಣ ಅಂತ ಬಟನ್ ಒತ್ತಿದೆ. ಒಂದು ಸಾವಿರ ಮಾತ್ರ ರದ್ದು ಮಾಡೋಕೆ ಆಗಲ್ಲ, ಮಾಡಿದರೆ ಪೂರ್ತಿ 8,600. ಬೆಳಗಿನ ರೈಲಿನ 20 ರೂಪಾಯಿ ಆ ರಾತ್ರಿ 200 ಆಯಿತು, 500 ಆಯಿತು. 40 ನಿಮಿಷಕ್ಕೆ ಎಲ್ಲ ಮುಗಿಯಿತು. ಅಲಾರಂ ಇಟ್ಟಿರಲಿಲ್ಲ. ಅಲಾರಂ ರೈಲಿಗೆ ಮಾತ್ರ ಅಂತ ನನ್ನ ತಲೆಯಲ್ಲಿತ್ತು.

ನೋಟ್‌ಬುಕ್ಕಿನ ಲೆಕ್ಕ ಹೀಗಿದೆ. 16 ತಿಂಗಳಲ್ಲಿ ಹಾಕಿದ್ದು 61,500. ವಾರಕ್ಕೆ 500ರ ನಿಯಮ ಉಳಿದಿರಲಿಲ್ಲ ಅನ್ನೋದು ಇದರಲ್ಲೇ ಗೊತ್ತಾಗುತ್ತದೆ. ತೆಗೆಯೋಕೆ ಹಾಕಿದ್ದು 12 ಸಲ. ಬ್ಯಾಂಕಿಗೆ ಬಂದದ್ದು 4 ಸಲ, ಒಟ್ಟು 14,200. ನಾನೇ ರದ್ದು ಮಾಡಿದ್ದು 7 ಸಲ, ಒಟ್ಟು 33,900, ಅದಷ್ಟೂ ಅಲ್ಲೇ ಹೋಯಿತು. ನಷ್ಟ 47,300. ಆ ಏಳು ಸಲದ ಹಣ ನೇರ ಬ್ಯಾಂಕಿಗೆ ಬಂದುಬಿಟ್ಟಿದ್ದರೆ ನಷ್ಟ 13,400ಕ್ಕೆ ನಿಲ್ಲುತ್ತಿತ್ತು. ಚಕ್ರ ನನ್ನ ಹತ್ತಿರ ತೆಗೆದುಕೊಂಡಿದ್ದಕ್ಕಿಂತ ಆ ಕಾಯುವ ಮೂರು ದಿನ ತೆಗೆದುಕೊಂಡಿದ್ದು ಜಾಸ್ತಿ. ಬಟನ್ ಒತ್ತಿದ್ದು ನನ್ನ ಬೆರಳೇ, ಅದನ್ನು ಇಲ್ಲ ಅನ್ನಲ್ಲ. ಆದರೆ ಹಣ ಕೊಡೋಕೆ ಮೂರು ದಿನ ಬೇಕು, ವಾಪಸ್ ತೆಗೆದುಕೊಳ್ಳೋಕೆ ಅರ್ಧ ಸೆಕೆಂಡ್ ಸಾಕು ಅಂತ ಒಬ್ಬರು ಕೂತು ಯೋಚನೆ ಮಾಡಿ ಇಟ್ಟಿದ್ದಾರಲ್ಲ, ಅದು ನನಗೆ ತುಂಬ ನೋವು ಕೊಟ್ಟಿತು. ಬ್ರಿಟನ್‌ನಲ್ಲಿ ಈ ರದ್ದು ಬಟನ್ನನ್ನೂ 2021ರಲ್ಲೇ ನಿಷೇಧಿಸಿದ್ದಾರೆ ಅಂತ ಆಮೇಲೆ ಓದಿದೆ. ಅಂದರೆ ಇದು ತೊಂದರೆ ಕೊಡುತ್ತದೆ ಅಂತ ಗೊತ್ತಿದ್ದೇ ನಮ್ಮಂಥವರ ಮುಂದೆ ಇಟ್ಟಿದ್ದಾರೆ.

ನಮ್ಮ ಮಂಡಿಯಲ್ಲಿ ರೈತರು ಬೆಳಿಗ್ಗೆ ಅಚ್ಚು ಬೆಲ್ಲ, ಬಕೆಟ್ ಬೆಲ್ಲ ತಂದು ಇಳಿಸುತ್ತಾರೆ. ಹರಾಜು ಆಗುತ್ತದೆ, ತೂಕ ಆಗುತ್ತದೆ, ನಾನು ಪಟ್ಟಿ ಬರೆಯುತ್ತೇನೆ. "ರೈಟ್ರೇ, ಬೇಗ ಪಟ್ಟಿ ಕೊಡಿ, ಬಸ್ಸೋಯ್ತದೆ" ಅಂತ ಬಾಗಿಲಲ್ಲೇ ನಿಂತಿರುತ್ತಾರೆ. ಸಂಜೆಯೊಳಗೆ ಅವರ ದುಡ್ಡು ಅವರ ಕೈಗೆ. ಮೂರು ದಿನ ಕಾಯಿಸಿ, ಆ ಮೂರು ದಿನವೂ ಗಾಡಿ ತಂದು ನಿಲ್ಲಿಸಿ, ಬೆಲ್ಲ ವಾಪಸ್ ತುಂಬ್ತೀರಾ ಅಂತ ಕೇಳಿದರೆ ಆ ರೈತ ನಮ್ಮ ಮಂಡಿಗೆ ಇನ್ನೊಂದು ಸಲ ಬರುತ್ತಾನಾ? ನಾನು ಮಾತ್ರ ಏಳು ಸಲ ಹೋದೆ.

2025ರ ಆಗಸ್ಟ್ ಮೂರನೇ ವಾರ ಕೊನೆಯ ಸಲ 1,460 ತೆಗೆಯೋಕೆ ಹಾಕಿದೆ. ಆ ಹೊತ್ತಿಗೆ ಹೆಂಡತಿಗೆ ಎಲ್ಲ ಹೇಳಿದ್ದೆ, ನೋಟ್‌ಬುಕ್ಕೂ ತೋರಿಸಿದ್ದೆ. ಅವಳು ಜಗಳ ಆಡಲಿಲ್ಲ. "ಮೂರು ದಿನ ಫೋನ್ ನನ್ನ ಹತ್ರ ಇರಲಿ, ನೀವು ನನ್ನದು ತಗೊಂಡ್ಹೋಗಿ" ಅಂದಳು. ಅದೇ ವಾರ ಸಂಸತ್ತಿನಲ್ಲಿ ಆನ್‌ಲೈನ್ ಹಣದ ಆಟ ನಿಷೇಧಿಸುವ ಮಸೂದೆ ಪಾಸಾಯಿತು, ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಸಹಿ ಬಿತ್ತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಹೆಸರುವಾಸಿ ರಮ್ಮಿ ಆ್ಯಪ್‌ಗಳು ಹಣದ ಆಟ ನಿಲ್ಲಿಸಿ, ಉಳಿದ ಹಣ ತೆಗೆದುಕೊಳ್ಳಿ ಅಂತ ಗ್ರಾಹಕರಿಗೆ ಹೇಳಿದವು. ನನ್ನ ಆ್ಯಪ್ ಮಾತ್ರ ಏನೂ ಹೇಳದೆ ಒಂದು ಬೆಳಿಗ್ಗೆ ತೆರೆಯೋದನ್ನೇ ನಿಲ್ಲಿಸಿತು.

ನಕ್ಷತ್ರ ಕೊಡಲೇಬೇಕು ಅಂದರೆ ಆಟದ ಚಿತ್ರಕ್ಕೆ, ಸದ್ದಿಗೆ, ಓಟಕ್ಕೆ ಐದಕ್ಕೆ ನಾಲ್ಕು. ಹಣ ವಾಪಸ್ ಕೊಡೋದಕ್ಕೆ ಸೊನ್ನೆ. ಒಟ್ಟಿಗೆ ಹಾಕಿ ಸರಾಸರಿ ತೆಗೆಯೋಕೆ ನನಗೆ ಮನಸ್ಸಿಲ್ಲ. ನಿಮ್ಮ ದುಡ್ಡೂ ಎಲ್ಲಾದರೂ ಹೀಗೆ ಸಿಕ್ಕಿಕೊಂಡಿದ್ದರೆ, ಹಣ ಹೋದ ಯುಪಿಐ ಹೆಸರುಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬಿಡಿಸಿಕೊಡುತ್ತೇವೆ ಅಂತ ಮೆಸೇಜ್ ಮಾಡುವವರಿಗೆ ಒಂದು ರೂಪಾಯಿಯೂ ಕಳಿಸಬೇಡಿ.

ಗೌರಿ ಹಬ್ಬದ ದಿನ ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ಬಂತು. ಹೊಸ ಲಿಂಕ್, ನಿಮ್ಮ ಬ್ಯಾಲೆನ್ಸ್ ಹಾಗೇ ಇದೆ ಅಂತ. ಫೋನ್ ಇನ್ನೂ ಅವಳ ಹತ್ತಿರವೇ ಇತ್ತು. ಅಡುಗೆಮನೆಯಿಂದ ಕೂಗಿ ಓದಿ ಹೇಳಿದಳು, "ಏನ್ ಮಾಡ್ಲಿ ಇದನ್ನ?" ಅಂದಳು. ಅಳಿಸಿಬಿಡು ಅಂದೆ. 1,460 ಬಂದಿಲ್ಲ.