ಹಳೇ ಸಿಡಿ ಪ್ಲೇಯರ್‌ಗೆ ‘ಸೌಂಡ್ ಅಪ್‌ಗ್ರೇಡ್’ ಮಾಡಿಸುವ ಮೊದಲು ಇದನ್ನು ಓದಿ

ಮಂಗಳೂರು, ಉಡುಪಿ ಕಡೆ ಹಳೇ ಸಿಡಿ ಪ್ಲೇಯರ್ ಜೋಪಾನ ಮಾಡಿಟ್ಟವರು ಇನ್ನೂ ತುಂಬ ಜನ ಇದ್ದಾರೆ. ಹೆಚ್ಚಿನವು ಗಲ್ಫ್‌ನಿಂದ ಬಂದ ಸೆಟ್‌ಗಳು. ರಿಪೇರಿಗೆ ಅಂತ ಕೊಟ್ಟರೆ, ಅದರ ಜೊತೆ ‘ಸೌಂಡ್ ಅಪ್‌ಗ್ರೇಡ್’ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ನಮ್ಮ ಮನೆಯವರ ಒಂದು ಒಳ್ಳೇ ಪ್ಲೇಯರ್ ಹಾಗೆಯೇ ಹಾಳಾಯಿತು. ನಿಮ್ಮದು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಪ್ಲೇಯರ್ ಉಡುಪಿಯಲ್ಲಿರುವ ನನ್ನ ಭಾವನದು. ತೊಂಬತ್ತರ ದಶಕದ ಶುರುವಿನಲ್ಲಿ ದುಬೈಯಿಂದ ತಂದದ್ದು. ತೊಂದರೆ ಇದ್ದದ್ದು ಒಂದೇ. ಮೊದಲ ಹಾಡುಗಳು ಸರಿಯಾಗಿ ಬರುತ್ತಿದ್ದವು, ಕೊನೆಯ ಎರಡು ಮೂರು ಹಾಡು ಜಂಪ್ ಆಗುತ್ತಿದ್ದವು. ಮಂಗಳೂರಿನ ಒಂದು ಅಂಗಡಿಗೆ ಕೊಟ್ಟರು. ಅಲ್ಲಿ ಮುಚ್ಚಳ ತೆಗೆಯುವ ಮೊದಲೇ ತೀರ್ಮಾನ ಆಗಿತ್ತು. "ಡ್ಯಾಕ್ ಚಿಪ್ ಹಳತಾಗಿದೆ ಮಾರಾಯ್ರೆ, ಸೌಂಡ್ ತೆಳು ಆಗಿದೆ. ಆಪ್‌ಆಂಪ್, ಕೆಪಾಸಿಟರ್ ಎಲ್ಲ ಬದಲಾಯಿಸಿದರೆ ಹೊಸದಕ್ಕಿಂತ ಚೆನ್ನಾಗಿ ಬರ್ತದೆ" ಅಂದರು. ಒಂಬತ್ತು ಸಾವಿರ ರೂಪಾಯಿ. ಡ್ಯಾಕ್ ಅಂದರೆ ಸಿಡಿಯಲ್ಲಿರುವ ಅಂಕಿಗಳನ್ನು ಸೌಂಡ್ ಸಿಗ್ನಲ್ ಆಗಿ ಬದಲಾಯಿಸುವ ಚಿಪ್, ಆಪ್‌ಆಂಪ್ ಅಂದರೆ ಆ ಸಿಗ್ನಲ್‌ಗೆ ಬಲ ಕೊಟ್ಟು ಹೊರಗೆ ಕಳಿಸುವ ಚಿಪ್.

ಇಲ್ಲೇ ಎಚ್ಚರ ಬೇಕಾದದ್ದು. ಸಿಡಿ ಓದುವುದು ಒಳಗಿನಿಂದ ಹೊರಗೆ. ಕೊನೆಯ ಹಾಡುಗಳು ಡಿಸ್ಕ್‌ನ ಹೊರ ಅಂಚಿನ ಕಡೆ ಇರುತ್ತವೆ. ಅಲ್ಲಿ ಮಾತ್ರ ಜಂಪ್ ಆಗುತ್ತದೆ ಅಂದರೆ ಮೊದಲು ನೋಡಬೇಕಾದ್ದು ಪಿಕಪ್, ಅಂದರೆ ಲೇಸರ್ ಮತ್ತು ಲೆನ್ಸ್ ಇರುವ ಸಿಡಿ ಓದುವ ಭಾಗ, ಜಾರುವ ಕಂಬಿ. ಹಳೇ ಗ್ರೀಸ್ ಗಟ್ಟಿಯಾದರೆ ಪಿಕಪ್ ಸಲೀಸಾಗಿ ಸರಿಯುವುದಿಲ್ಲ. ನಮ್ಮ ಕಡೆಯ ಕಡಲ ಗಾಳಿ, ಮಳೆಗಾಲದ ತೇವಕ್ಕೆ ಲೆನ್ಸ್ ಮಂಕಾಗುತ್ತದೆ, ಪಿನ್ನುಗಳು ಹಸಿರು ಹಿಡಿಯುತ್ತವೆ. ಇದಕ್ಕೂ ಡ್ಯಾಕ್ ಚಿಪ್‌ಗೂ ಸಂಬಂಧವೇ ಇಲ್ಲ. ಲೇಸರ್ ಸ್ವಲ್ಪ ಸೋತರೂ ಸೌಂಡ್ ‘ತೆಳು’ ಆಗುವುದಿಲ್ಲ. ಸಣ್ಣ ತಪ್ಪುಗಳನ್ನು ಪ್ಲೇಯರ್ ತಾನೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ. ಕೈಮೀರಿದಾಗ ಟಿಕ್ ಟಿಕ್ ಅನ್ನುತ್ತದೆ, ಜಂಪ್ ಆಗುತ್ತದೆ, ಇಲ್ಲವೇ ನಿಂತುಹೋಗುತ್ತದೆ.

ವಾಪಸ್ ತರಲು ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯಲ್ಲಿ ಅದೇ ಮಾಡೆಲ್‌ನ ಇನ್ನೊಂದು ಪ್ಲೇಯರ್ ಇತ್ತು. ಎರಡನ್ನೂ ಒಂದೇ ಆಂಪ್ಲಿಫೈಯರ್‌ಗೆ ಹಾಕಿ, ವಾಲ್ಯೂಮ್ ಮುಟ್ಟದೆ, ಬದಲಾಯಿಸಿ ಕೇಳಿಸಿದರು. ಭಾವನ ಪ್ಲೇಯರ್ ಜೀವ ಬಂದ ಹಾಗೆ ಕೇಳಿಸಿತು. ಚೆಂಡೆ ಎದೆಗೆ ಬಡಿಯುತ್ತಿತ್ತು. ಭಾವನಿಗೆ ಖುಷಿಯೋ ಖುಷಿ.

ಮನೆಗೆ ಬಂದ ಮೇಲೆ ಯಕ್ಷಗಾನದ ಸಿಡಿ ಹಾಕಿ ಕೂತು ಕೇಳಿದಾಗ ಬೇರೆಯೇ ಅನಿಸಿತು. ಚಕ್ರತಾಳದ ನಾದ ಎಳೆಯಾಗಿ ಇಳಿದು ಹೋಗಬೇಕಲ್ವಾ, ಅದು ಕಿವಿಗೆ ಚುಚ್ಚುವ ಹಾಗೆ ಸರ್ರ್ ಅಂತ ಮುಗಿಯುತ್ತಿತ್ತು. ಭಾಗವತರ ಸ್ವರಕ್ಕೂ ಒಂದು ಬಗೆಯ ಒರಟು. ಕೆಲವು ವಾರ ಕಳೆದ ಮೇಲೆ ಪ್ಲೇಯರ್ ಸಿಡಿಯನ್ನೇ ಓದದಾಯಿತು.

ಮಣಿಪಾಲದಲ್ಲಿ ಪರಿಚಯದ ಟೆಕ್ನಿಷಿಯನ್ ಒಬ್ಬರು ನಮ್ಮೆದುರೇ ಬಿಚ್ಚಿದರು. ಕಂಬಿಯ ಮೇಲೆ ಹಳೇ ಗ್ರೀಸ್ ಹಾಗೇ ಇತ್ತು, ಕಂದು ಬಣ್ಣಕ್ಕೆ ತಿರುಗಿ ಅಂಟಿನಂತಾಗಿತ್ತು. ಲೆನ್ಸ್ ಒರೆಸಿರಲೇ ಇಲ್ಲ. ಅದರ ಬದಲು ಪಿಕಪ್ ಮೇಲಿರುವ ಪುಟ್ಟ ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಹೊಂದಾಣಿಕೆ) ತಿರುಗಿಸಿ ಲೇಸರ್‌ನ ಕರೆಂಟ್ ಏರಿಸಿದ್ದರು. ಸೋನಿ ಕೆಎಸ್‌ಎಸ್ ಸರಣಿಯ ಪಿಕಪ್‌ಗಳಲ್ಲಿ ಸರಿಯಾದ ಕರೆಂಟ್ ಎಷ್ಟು ಅಂತ ಲೇಬಲ್ ಮೇಲೆಯೇ ಇರುತ್ತದೆ. 495 ಅಂತ ಇದ್ದರೆ 49.5 ಮಿಲಿಆಂಪ್. ಇದರಲ್ಲಿ ಅದನ್ನು ಎಷ್ಟೋ ಮೀರಿತ್ತು. ಹೀಗೆ ಏರಿಸಿದರೆ ಮಂಕಾದ ಲೆನ್ಸ್‌ನಲ್ಲೂ ಸ್ವಲ್ಪ ದಿನ ಓಡುತ್ತದೆ, ಆಮೇಲೆ ಲೇಸರ್ ಸತ್ತೇ ಹೋಗುತ್ತದೆ.

ಸೌಂಡ್‌ನ ಗುಟ್ಟೂ ಆಮೇಲೆ ಗೊತ್ತಾಯಿತು. ಬೇರೆ ಪಿಕಪ್ ಕೂರಿಸಿ, ಟೆಸ್ಟ್ ಸಿಡಿ ಹಾಕಿ, ಪೂರ್ತಿ ಮಟ್ಟದ ಟೋನ್‌ಗೆ ಮೀಟರ್ ಹಿಡಿದರು. ಸಾಮಾನ್ಯವಾಗಿ 2 ವೋಲ್ಟ್ ಆಸುಪಾಸು ಬರಬೇಕು. ಹತ್ತಿರ ಹತ್ತಿರ 3 ವೋಲ್ಟ್ ಬಂತು. ಒಂದು ರೆಸಿಸ್ಟರ್ ಬದಲಾಯಿಸಿ ಔಟ್‌ಪುಟ್ ಏರಿಸಿದ್ದರು. ಅಂದರೆ 3 ಡೆಸಿಬಲ್‌ಗಿಂತಲೂ ಜಾಸ್ತಿ. ಎರಡರಲ್ಲಿ ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಎಂಥ ಕಿವಿಗೂ ಅನಿಸುತ್ತದೆ. ಅಂಗಡಿಯಲ್ಲಿ ನಡೆದದ್ದು ಇಷ್ಟೇ. ಇದು ಮೋಸ ಅಂತಲೇ ನಾನು ಹೇಳುತ್ತೇನೆ.

ಚುಚ್ಚುವ ಸೌಂಡ್‌ಗೆ ಕಾರಣ ಹೊಸ ಆಪ್‌ಆಂಪ್. ಮೊದಲಿದ್ದದ್ದು ಎನ್‌ಇ 5532. ಸ್ಟುಡಿಯೋ ಮಿಕ್ಸರ್‌ಗಳಲ್ಲೂ ಬಳಸಿದ ಚಿಪ್ ಅದು, ತೆಗೆದು ಬಿಸಾಡುವಂಥದ್ದಲ್ಲ. ಅದರ ಜಾಗಕ್ಕೆ ತುಂಬ ವೇಗದ ಬೇರೊಂದನ್ನು ಸಾಕೆಟ್ ಹಾಕಿ ಕೂರಿಸಿದ್ದರು. ಅಂಥವಕ್ಕೆ ಪವರ್ ಪಿನ್‌ಗಳ ಪಕ್ಕದಲ್ಲೇ ಸಣ್ಣ ಕೆಪಾಸಿಟರ್ ಬೇಕು. ಇರಲಿಲ್ಲ. ಚಿಪ್ ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಸುಮ್ನೆ ಆಸಿಲೇಟ್ ಆಗುತ್ತಿತ್ತು, ಅಂದರೆ ಹಾಡಿಗೆ ಸಂಬಂಧವಿಲ್ಲದೆ ತನ್ನಷ್ಟಕ್ಕೆ ಸಿಗ್ನಲ್ ಹುಟ್ಟಿಸುತ್ತಿತ್ತು. ಬೆರಳಿಟ್ಟರೆ ಸುಡುತ್ತಿತ್ತು.

ಹಳೇ ಪ್ಲೇಯರ್‌ಗೆ ಏನೂ ಮಾಡಿಸಬೇಡಿ ಅಂತಲ್ಲ. ಹಾಡು ನಿಲ್ಲಿಸಿದಾಗಲೂ ಸ್ಪೀಕರ್‌ನಲ್ಲಿ ಗುಂಯ್ ಅಂತ ಬರುತ್ತಿದ್ದರೆ ಪವರ್ ಸಪ್ಲೈನ ಕೆಪಾಸಿಟರ್ ಒಣಗಿರಬಹುದು. ಬದಲಾಯಿಸುವುದು ನ್ಯಾಯವೇ. ಟ್ರೇ ಹೊರಗೆ ಬರಲು ತಿಣುಕಿದರೆ ಬೆಲ್ಟ್ ನೋಡಿಸಿ, ಖರ್ಚು ಕಡಿಮೆ. ಸೌಂಡೇ ಬೇರೆ ಮಟ್ಟಕ್ಕೆ ಹೋಗಬೇಕು ಅಂತ ಆಸೆ ಇದ್ದರೆ ಹಿಂದೆ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಔಟ್‌ಪುಟ್ ಇದೆಯಾ ನೋಡಿ. ಇದ್ದರೆ ಹೊರಗಿನಿಂದ ಒಂದು ಡ್ಯಾಕ್ ಜೋಡಿಸಬಹುದು. ಒಳಗೆ ಬೆಸುಗೆ ಹಾಕುವ ಕೆಲಸವೇ ಇಲ್ಲ, ಇಷ್ಟವಾಗದಿದ್ದರೆ ತೆಗೆದಿಡಬಹುದು. ಮೊದಲೂ ಆಮೇಲೂ ಹೋಲಿಸುವಾಗ ಎರಡರ ವೋಲ್ಟೇಜ್ ಸಮ ಮಾಡಿ ಕೇಳಿಸಿ ಅಂತ ಹಠ ಹಿಡಿಯಿರಿ. ಒಪ್ಪದವರ ಹತ್ತಿರ ಕೊಡಬೇಡಿ.

ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ. ತೆಗೆದ ಚಿಪ್ ಕೇಳಿದರೆ ಬಿಸಾಡಿದೆವು ಅಂದರು. ಆದ್ದರಿಂದ ಕೊಡುವ ಮೊದಲು ಮುಚ್ಚಳ ತೆಗೆಸಿ ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ, ಚಿಪ್‌ಗಳ ಮೇಲಿನ ಅಕ್ಷರ ಓದುವಷ್ಟು ಹತ್ತಿರದಿಂದ. ತೆಗೆದ ಪ್ರತಿಯೊಂದು ಭಾಗವನ್ನೂ ವಾಪಸ್ ಕೊಡಬೇಕು ಅಂತ ಬಿಲ್ಲಿನ ಮೇಲೆ ಬರೆಸಿ. ಪಿಕಪ್‌ನ ಪ್ರಿಸೆಟ್ ಮುಟ್ಟಬಾರದು ಅನ್ನುವುದನ್ನೂ ಅದರಲ್ಲೇ ಸೇರಿಸಿ.