ಲಿವರ್ ಬಯಾಪ್ಸಿಗೆ ಹೋಗುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ

ಸಂಜೆಯಾದರೆ ಸಾಕು, ಅಪ್ಪನಿಗೆ ಜ್ವರ. ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು, ಊಟ ಸೇರುತ್ತಿರಲಿಲ್ಲ, ಎರಡು ತಿಂಗಳಲ್ಲಿ ಪ್ಯಾಂಟು ಸೊಂಟದಲ್ಲಿ ನಿಲ್ಲದ ಹಾಗಾಯಿತು. ಕೆಮ್ಮು ಮಾತ್ರ ಇರಲಿಲ್ಲ, ಎದೆಯ ಎಕ್ಸ್‌ರೇ ಕೂಡ ಕ್ಲೀನ್. ಹಾಗಾಗಿ ಟಿಬಿ ಎನ್ನುವ ಮಾತೇ ಯಾರ ಬಾಯಲ್ಲೂ ಬರಲಿಲ್ಲ. ಲೆವೋಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಜ್ವರ ಇಳಿಯಿತು, ಕೋರ್ಸ್ ಮುಗಿದ ಮೇಲೆ ಮತ್ತೆ ಶುರು. ಆ ಮಾತ್ರೆ ಟಿಬಿ ಕ್ರಿಮಿಯನ್ನೂ ಸ್ವಲ್ಪ ಅದುಮಿಡುತ್ತದೆ, ಅದರಿಂದಲೇ ರೋಗ ಪತ್ತೆ ತಡವಾಗಬಹುದು ಅಂತ ಗೊತ್ತಾಗಿದ್ದು ಆಮೇಲೆ.

ಲಿವರ್ ಹೇಗಿದೆ ಅಂತ ತೋರಿಸುವ ರಕ್ತದ ಕಿಣ್ವಗಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ತುಂಬಾ ಜಾಸ್ತಿ, ಎಸ್‌ಜಿಪಿಟಿ ಹೆಚ್ಚುಕಮ್ಮಿ ಸರಿಯಾಗೇ ಇತ್ತು. ಸಿಟಿ ಸ್ಕ್ಯಾನ್‌ನಲ್ಲಿ ಲಿವರ್ ತುಂಬಾ ಗಂಟು. ಎಲ್ಲಿಂದಲೋ ಹರಡಿದ ಕ್ಯಾನ್ಸರ್ ಇರಬೇಕು ಅಂದರು. ಮೂಲ ಹುಡುಕಲು ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ಏನೂ ಸಿಗಲಿಲ್ಲ. ಇದಕ್ಕೆ ಅವರನ್ನು ಬೈಯಲಾರೆ, ಸ್ಕ್ಯಾನ್‌ನಲ್ಲಿ ಲಿವರ್ ಟಿಬಿ ಎಷ್ಟೋ ಸಲ ಕ್ಯಾನ್ಸರ್ ಥರಾನೇ ಕಾಣುತ್ತದೆ.

ಸಿಟ್ಟು ಬರುವುದು ಬಯಾಪ್ಸಿ ವಿಷಯಕ್ಕೆ. ಸೂಜಿಯಲ್ಲಿ ತೆಗೆದದ್ದು ದಾರದ ತುಂಡಿನಂಥ ಮೂರು ಚೂರು. ಮೂರನ್ನೂ ಒಂದೇ ಡಬ್ಬಿಯ ಫಾರ್ಮಾಲಿನ್‌ಗೆ (ಚೂರು ಕೆಡದಂತೆ ಇಡುವ ದ್ರಾವಣಕ್ಕೆ) ಹಾಕಿ, ಲ್ಯಾಬಿಗೆ ಕೊಡಿ ಅಂತ ನನ್ನ ಕೈಗೇ ಕೊಟ್ಟರು, ನಾನೂ ಸುಮ್ನೆ ಹೋಗಿ ಕೊಟ್ಟು ಬಂದೆ. ವಾರದ ಮೇಲೆ ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ. ಗ್ರಾನುಲೋಮಾ (ಉರಿಯೂತದ ಜೀವಕೋಶಗಳ ಪುಟ್ಟ ಗುಂಪು) ಇದೆ, ಟಿಬಿ ಇರಬಹುದು, ಆದರೆ ಎಎಫ್‌ಬಿ (ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಟಿಬಿ ಕ್ರಿಮಿ ಹುಡುಕುವ ಪರೀಕ್ಷೆ) ನೆಗೆಟಿವ್. ಲಿವರ್ ಚೂರಿನಲ್ಲಿ ಕ್ರಿಮಿ ಕಮ್ಮಿ ಇರುತ್ತದೆ, ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಅಂತ ಅಲ್ಲ. ಸರಿ, ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸೋಣ ಅಂದರೆ ಫಾರ್ಮಾಲಿನ್‌ನಲ್ಲಿ ಬಿದ್ದ ಕ್ರಿಮಿ ಸತ್ತೇ ಹೋಗಿರುತ್ತದೆ, ಇನ್ನು ಬೆಳೆಯುವುದೇನು? ಅಪ್ಪನಿಗೆ ಮತ್ತೆ ಸೂಜಿ.

ಎರಡನೇ ಸಲ ಒಂದು ಚೂರು ಸಲೈನ್‌ಗೆ (ಉಪ್ಪುನೀರಿಗೆ) ಹೋಯಿತು. ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ ಅದೇ ದಿನ ಟಿಬಿ ಅಂತ ಬಂತು, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ಕೆಲಸ ಮಾಡುತ್ತದೆ ಅಂತಲೂ ಗೊತ್ತಾಯಿತು. ಕಲ್ಚರ್‌ಗಾದರೆ 6ರಿಂದ 8 ವಾರ ಕಾಯಬೇಕು.

ಹಾಗಾಗಿ ಸೂಜಿ ಚುಚ್ಚುವ ಮುಂಚೆಯೇ ಬಾಯಿಬಿಟ್ಟು ಕೇಳಿ: "ಒಂದು ಚೂರು ಸಲೈನ್‌ನಲ್ಲಿ ಟಿಬಿ ಪರೀಕ್ಷೆಗೂ ಕಳಿಸುತ್ತೀರಾ?" ಮುಖ ಗಂಟಿಕ್ಕಿದರೆ ಗಂಟಿಕ್ಕಲಿ ಬಿಡಿ. ಇನ್ನು, ಟಿಬಿ ಮಾತ್ರೆಗಳಲ್ಲಿ ಮೂರು ಬಗೆಯವು ಲಿವರ್‌ಗೇ ತೊಂದರೆ ಕೊಡಬಲ್ಲವು, ಶುರುವಾದ ಮೇಲೂ ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ತಪ್ಪಿಸಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅವತ್ತೇ ಡಾಕ್ಟರಿಗೆ ಹೇಳಿ.